ಸ್ಮಶಾನದ ಗೋಡೆಯ ಬಳಿ ಮೂರು ಬಾರಿ ವಿಚಾರಿಸಲಾಗಿದೆ

ಕಿವಿಯಣ್ಣನನ್ನು ಮಣ್ಣು ಮಾಡಿದ ದಿನ ಗುಂಡಿಯ ತಳದಲ್ಲಿ ನೀರು ಬಂದಿತ್ತು. ಕಡುಬೇಸಿಗೆ. ಊರಿನ ನಲ್ಲಿಗಳಲ್ಲಿ ನೀರು ಬರುತ್ತಿದ್ದದ್ದು ಮೂರು ದಿನಕ್ಕೊಮ್ಮೆ, ಅದೂ ನಾಲ್ಕು ಕೊಡ ತುಂಬುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಅಂಥದ್ದರಲ್ಲಿ ಆ ಗುಂಡಿಯಲ್ಲಿ ಪಾದ ಮುಳುಗುವಷ್ಟು ತಣ್ಣನೆಯ ನೀರು. ತೋಡಿದವನು ಎರಡು ಬುಟ್ಟಿ ಒಣಮಣ್ಣು ಸುರಿದು, "ಈ ಮೂಲೆ ಯಾವಾಗ್ಲೂ ಹೀಗೇ. ಬೇರೆ ಕಡೆ ಜಾಗ ಉಳಿದಿಲ್ಲ," ಎಂದ. ಅಳುವ ಹೊತ್ತಿನಲ್ಲಿ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುವವರು ಯಾರು? ಟೈಪಕ್ಕ ಮಾತ್ರ ನೋಡಿದಳು. ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡಳು.

ಟೈಪಕ್ಕ ಅಂದರೆ ಊರಿನ ನೀರು ಸರಬರಾಜು ಕಚೇರಿಯ ಟೈಪಿಸ್ಟು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದು ಎಷ್ಟೋ ಕಾಲವಾದರೂ ಹೆಸರು ಅಂಟಿಕೊಂಡೇ ಇತ್ತು. ಕಿವಿಯಣ್ಣ ಅದೇ ಕಚೇರಿಯಲ್ಲಿ ಸೋರಿಕೆ ಹುಡುಕುವವನು. ನೆಲದಡಿ ಎಲ್ಲೋ ಕೊಳವೆ ಬಿರುಕು ಬಿಟ್ಟು ನೀರು ಪೋಲಾಗುತ್ತಿದ್ದರೆ, ಮೇಲೆ ನಿಂತು ಕಿವಿಯಿಂದಲೇ ಅದನ್ನು ಪತ್ತೆ ಮಾಡುವುದು ಅವನ ಕೆಲಸ. ಅದಕ್ಕೆ ಅವನ ಹತ್ತಿರ ಇದ್ದದ್ದು ಒಂದು ಕೋಲು: ಎದೆಯುದ್ದದ ಕಬ್ಬಿಣದ ಸರಳು, ಅದರ ತಲೆಗೆ ಮರದ ಪುಟ್ಟ ಬಟ್ಟಲು. ಸರಳಿನ ಮೊನೆಯನ್ನು ರಸ್ತೆಗೋ ವಾಲ್ವಿಗೋ ಊರಿ, ಬಟ್ಟಲಿಗೆ ಬಲಗಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಹಾಲಿನ ಗಾಡಿ ಬರುವ ಮುಂಚಿನ ಹೊತ್ತು ಅವನದು. ಗಾಡಿ ಬಂತೆಂದರೆ ನೀರು ಮಾತು ನಿಲ್ಲಿಸಿಬಿಡುತ್ತದೆ ಎನ್ನುತ್ತಿದ್ದ. ಎಡಗಿವಿ ಬರೀ ಕನ್ನಡಕ ಸಿಕ್ಕಿಸುವುದಕ್ಕೆ. ಗುಂಡಿ ತೋಡುವ ಆಳಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ವರ್ಷ ಡೀಸೆಲ್ ಪಂಪಿನ ಪಕ್ಕ ನಿಂತು ಅದನ್ನು ಕಳೆದುಕೊಂಡಿದ್ದ.

"ಕಿವಿಯಣ್ಣ, ಮನೇಲಿ ಹೆಂಡ್ತಿ ಮಾತು ಕೇಳ್ತೀಯೋ ಇಲ್ವೋ?" ಎಂದು ಕಚೇರಿಯವರು ಕಿಚಾಯಿಸಿದರೆ, "ಅವಳದು ಸೋರಿಕೆ ಅಲ್ಲಪ್ಪಾ, ಮೇನ್ ಲೈನು. ಕೋಲೇ ಬೇಕಾಗಲ್ಲ," ಎನ್ನುತ್ತಿದ್ದ.

ಬೆಳಗಿನ ಸುತ್ತು ಮುಗಿಸಿ ಹನ್ನೊಂದಕ್ಕೆ ಕಚೇರಿಯ ಹಿಂದಿನ ಮೆಟ್ಟಿಲಿಗೆ ಬಂದು ಕೂರುತ್ತಿದ್ದ. ಟೈಪಕ್ಕ ಟೀ ಹಿಡಿದು ಬರುತ್ತಿದ್ದಳು. ಅವಳಿಗೆ ಓದುವ ಹುಚ್ಚು, ಅವನಿಗೆ ಕೇಳುವ ಹುಚ್ಚು. ಹಿಂದಿನ ದಿನ ಓದಿದ್ದನ್ನು ಅವಳು ಕಥೆ ಮಾಡಿ ಹೇಳಬೇಕು, ಅವನು ಬಲಗಿವಿ ಅವಳ ಕಡೆ ಕೊಟ್ಟು ಕೂರಬೇಕು. ಅರ್ಧದಲ್ಲೇ, "ಈ ಮನುಷ್ಯ ಸುಳ್ಳು ಹೇಳ್ತಿದಾನೆ ತಂಗಿ, ಮುಂದಕ್ಕೆ ಓದಿ ನೋಡು," ಎಂದುಬಿಡುತ್ತಿದ್ದ. ಓದಿ ನೋಡಿದರೆ ಹಾಗೇ ಇರುತ್ತಿತ್ತು. ಕೊಳವೆಗಳ ವಿಷಯ ಅವಳಿಗೆ ಅಷ್ಟಿಷ್ಟು ತಿಳಿದದ್ದೂ ಆ ಮೆಟ್ಟಿಲ ಮೇಲೆಯೇ. "ಬಿರುಕಾದ್ರೆ ಬುಸ್ ಅಂತದೆ, ಹಾವಿನ ಹಾಗೆ. ಜಾಯಿಂಟ್ ಬಿಟ್ಟಿದ್ರೆ ಬೇರೆ. ಮಲಗಿರೋರು ಉಸಿರಾಡಿದ ಹಾಗೆ, ಸಣ್ಣಗೆ, ಬಿಡದೆ." ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು.

ಅವನು ಹೋದ ಮೂರನೇ ವಾರ ಅವನ ಹೆಂಡತಿ ಕಚೇರಿಗೆ ಬಂದಳು. ಅವನು ತಂಗಿ ಎನ್ನುತ್ತಿದ್ದುದರಿಂದ ಟೈಪಕ್ಕನಿಗೆ ಅವಳು ಅತ್ತಿಗೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಾಲ್ಕು ನೋಟುಬುಕ್ಕು ಇದ್ದ ಬಟ್ಟೆ ಚೀಲ.

"ಇದನ್ನ ಇಲ್ಲೇ ಇಟ್ಕೊಮ್ಮ. ಮನೇಲಿ ಇದ್ರೆ ನನ್ನ ಕೈ ಸುಮ್ನೆ ಇರಲ್ಲ."

"ಯಾಕತ್ತಿಗೆ?"

ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂತಳು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ದನಿ ತಗ್ಗಿಸಿದಳು. "ಹುಚ್ಚಿ ಅನ್ಕೋಬೇಡ. ಮೊನ್ನೆ ಅಲ್ಲಿಗೆ ಹೋಗಿದ್ದೆ. ಕೋಲು ತಗೊಂಡು ಹೋಗಿದ್ದೆ, ಯಾಕೋ ಗೊತ್ತಿಲ್ಲ. ಮಣ್ಣಿನ ಮೇಲೆ ಊರಿ ಕಿವಿ ಕೊಟ್ಟೆ. ಉಸಿರಾಡ್ತಿದಾರೆ ಕಣೇ."

ಟೈಪಕ್ಕ ಕೋಲನ್ನು ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟಳು. ಅತ್ತಿಗೆಯೇ ಮಾತು ಬದಲಾಯಿಸಿದಳು. "ಶನಿವಾರ ಅದೇನೋ ಸಭೆಯಂತಲ್ಲ? ಮೇಲಿನ ಕೆರೆಗೆ ಇನ್ನೊಂದು ಕೊಳವೆ ಹಾಕ್ತಾರಂತೆ. ನನ್ನ ತಮ್ಮ ಫೋನ್ ಮಾಡಿದ್ದ. ಈಗ್ಲೇ ದೋಣಿ ತಳ ಕೆಸರು ಮುಟ್ತಿದೆಯಂತೆ. ಇವ್ರಿದ್ದಿದ್ರೆ ಏನಾದ್ರೂ ಅಂತಿದ್ರು."

ಆಡಳಿತದ ಮಾತಿನಲ್ಲಿ ಅದರ ಹೆಸರು ಎರಡನೇ ಹಂತದ ಯೋಜನೆ. ಊರು ಬೆಳೆದಿದೆ, ನೀರು ಸಾಲದು, ಆದ್ದರಿಂದ ಇಪ್ಪತ್ತು ವರ್ಷದ ಕೆಳಗೆ ಎಳೆದ ಕೊಳವೆಯ ಪಕ್ಕದಲ್ಲೇ ಇನ್ನೊಂದನ್ನು ಎಳೆಯಬೇಕು. ಆಕ್ಷೇಪಣೆ ಇದ್ದವರು ಶನಿವಾರದೊಳಗೆ ಸಲ್ಲಿಸಬೇಕು. ಆ ಕೆರೆ ಅತ್ತಿಗೆಯ ತವರಿನ ಬಾಗಿಲಲ್ಲೇ ಇತ್ತು. ಮೊದಲ ಕೊಳವೆ ಬಂದ ಮೇಲೆ ನೀರು ಬಾಗಿಲು ಬಿಟ್ಟು ಒಂದು ಮೈಲಿ ಹಿಂದೆ ಸರಿದಿತ್ತು. "ನಮ್ಮ ಮಾವನ ಮನೆ ಬಾಗಿಲಿಂದ ನೀರು ಹೊತ್ಕೊಂಡು ಬಂದು ಇಲ್ಲಿ ಮಣ್ಣಿಗೆ ಕುಡಿಸ್ತಿದೀವಿ ತಂಗಿ," ಎಂದು ಕಿವಿಯಣ್ಣ ಮೆಟ್ಟಿಲ ಮೇಲೆ ಕೂತು ಹೇಳಿದ್ದು ಎಷ್ಟು ಸಲವೋ. ಅರ್ಧಕ್ಕರ್ಧ ನೀರು ದಾರಿಯಲ್ಲೇ ಸೋರುತ್ತಿದೆ, ಮೊದಲು ಅದನ್ನು ಮುಚ್ಚಿ ಎಂಬುದು ಅವನ ಒಂದೇ ವಾದ.

ಆ ಸಂಜೆ ಕಚೇರಿ ಮುಗಿಸಿ ಟೈಪಕ್ಕ ಸ್ಮಶಾನಕ್ಕೆ ಹೋದಳು. ಅತ್ತಿಗೆಯ ಹುಚ್ಚನ್ನು ಸುಳ್ಳು ಮಾಡಿ ಬರಬೇಕೆಂದೇ ಕೋಲು ಹಿಡಿದು ಹೋದದ್ದು. ಇನ್ನೂ ಬಿಸಿಲಿತ್ತು. ಊರಿನ ಹುಲ್ಲೆಲ್ಲ ಸುಟ್ಟು ಕರಕಲಾಗಿದ್ದರೂ ಆ ಮೂಲೆಯ ಗೋಡೆಯುದ್ದಕ್ಕೂ ಹಸಿರು ಹಾಸಿತ್ತು. ಸರಳನ್ನು ಮಣ್ಣಿಗೆ ಊರಿ ಬಟ್ಟಲಿಗೆ ಕಿವಿ ಹಚ್ಚಿದಳು. ಮೂವತ್ತು ವರ್ಷ ಒಂದೇ ಕಿವಿಯನ್ನು ಉಜ್ಜಿಕೊಂಡು ಮರ ಆ ಕಿವಿಯ ಆಕಾರಕ್ಕೇ ಸವೆದಿತ್ತು. ಅವಳ ಕಿವಿ ಅದರೊಳಗೆ ಕೂರಲಿಲ್ಲ. ಹಾಗೆ ಹೀಗೆ ಒತ್ತಿ ಹಿಡಿದಳು. ಮರಕ್ಕೆ ಅವನ ತಲೆಯೆಣ್ಣೆಯ ವಾಸನೆ.

ಕೇಳಿಸಿತು. ಸಣ್ಣಗೆ, ಬಿಡದೆ. ಮಲಗಿರುವವರು ಉಸಿರಾಡಿದ ಹಾಗೆ.

ಕೋಲು ಕಿತ್ತುಕೊಂಡು ಹಿಂದೆ ನೋಡದೆ ಮನೆ ಸೇರಿದಳು. ಕೈ ತೊಳೆಯಲು ನಲ್ಲಿ ತಿರುಗಿಸಿದರೆ ನೀರಿಲ್ಲದ ಕೊಳವೆಯಿಂದ ಗಾಳಿ ಉಸ್ಸೆಂದು ಬಂತು. ಅದಕ್ಕೂ ಬೆಚ್ಚಿದಳು. ಆ ಸದ್ದನ್ನು ತಾನು ಎಲ್ಲೋ ಓದಿದ್ದೇನೆ ಎಂದು ಅನ್ನಿಸತೊಡಗಿದ್ದು ಆಮೇಲೆ. ಚೀಲದಿಂದ ನೋಟುಬುಕ್ಕುಗಳನ್ನು ಹೊರಗೆ ತೆಗೆದಳು.

ಆ ನಾಲ್ಕು ಪುಸ್ತಕ ಅವಳಿಗೆ ಹೊಸವಲ್ಲ. ಆರು ವರ್ಷದ ಹಿಂದೆ ದೊಡ್ಡ ಸಾಹೇಬರು ಹೊಸದಾಗಿ ಬಂದವರೇ, ಆರು ಜನ ನೌಕರರು ಊರೆಲ್ಲ ಸುತ್ತಿ, ಮನೆ ಮನೆಯಲ್ಲೂ ವಿಚಾರಿಸಿ, ಸೋರಿಕೆ ಎಲ್ಲೆಲ್ಲಿ ಇದೆ ಎಂದು ಬರೆದು ತರಬೇಕೆಂದು ಆದೇಶ ಹೊರಡಿಸಿದ್ದರು. ಐದು ಜನ ಎರಡು ತಿಂಗಳಲ್ಲಿ ಮುಗಿಸಿದರು. 'ಮೂಲೆಮನೆ. ಕೇಳಿದೆ. ಇಲ್ಲ ಅಂದರು. ಪಕ್ಕದ ಮನೆ. ಕೇಳಿದೆ. ಗೊತ್ತಿಲ್ಲ ಅಂದರು.' ಕಿವಿಯಣ್ಣ ಹನ್ನೊಂದು ತಿಂಗಳು ತೆಗೆದುಕೊಂಡ. ಆರೂ ಜನರ ಬರಹವನ್ನು ಒಂದೇ ವರದಿ ಮಾಡುವ ಕೆಲಸ ಟೈಪಕ್ಕನಿಗೆ ಬಂತು. ಬಾಯಿಮಾತನ್ನು ಕಚೇರಿಯ ಮಾತು ಮಾಡುವುದರಲ್ಲಿ ಅವಳದು ಎತ್ತಿದ ಕೈ. 'ಕೇಳಿದೆ' ಎಂದಿದ್ದ ಕಡೆಯೆಲ್ಲ 'ವಿಚಾರಿಸಲಾಗಿದೆ' ಎಂದು ಮಾಡಿದಳು. 'ಕೇಳಲಿಲ್ಲ' ಎಂದಿದ್ದ ಕಡೆಯೆಲ್ಲ 'ವಿಚಾರಿಸಿರುವುದಿಲ್ಲ'. ಸಾವಿರಾರು ಸಾಲು, ಬೆರಳು ತಾನಾಗಿ ಓಡುತ್ತಿತ್ತು.

ಈಗ ಮೂರನೇ ಪುಸ್ತಕದಲ್ಲಿ ಪೆನ್ಸಿಲಿನ ಒಂದು ಸಾಲು ಅವಳ ಕಣ್ಣಿಗೆ ಬಿತ್ತು.

'ಸ್ಮಶಾನದ ಗೋಡೆ ಬುಡ, ರಸ್ತೆ ಕಡೆ. ಮೂರು ಸಲ ಕೇಳಿದೆ. ಸಣ್ಣಗೆ, ಬಿಡದೆ.'

ಇದನ್ನು ತಾನು ಏನೆಂದು ಟೈಪು ಮಾಡಿದ್ದೆ ಎಂದು ಅವಳು ಹುಡುಕಬೇಕಾಗಿರಲಿಲ್ಲ. 'ಸಣ್ಣಗೆ, ಬಿಡದೆ' ಎಂಬುದನ್ನು ಕಚೇರಿಯ ಮಾತಲ್ಲವೆಂದು ಬಿಟ್ಟಿದ್ದಳು; ಉಳಿದದ್ದು ಇಡೀ ಕಚೇರಿಗೆ ಬಾಯಿಪಾಠವಾಗಿತ್ತು. ಸಾಹೇಬರು ವರದಿಯನ್ನು ಎತ್ತಿ ಹಿಡಿದು ಎಲ್ಲರೆದುರು ಓದಿದ್ದರು: "ಸ್ಮಶಾನದ ಗೋಡೆಯ ಬಳಿ ಮೂರು ಬಾರಿ ವಿಚಾರಿಸಲಾಗಿದೆ. ಯಾರನ್ನ ವಿಚಾರಿಸಿದೆಯಪ್ಪಾ ಅಲ್ಲಿ? ಉತ್ತರ ಕೊಟ್ಟರಾ?" ಎಲ್ಲರೂ ನಕ್ಕಿದ್ದರು. ಟೈಪಕ್ಕನೂ ನಕ್ಕಿದ್ದಳು.

ಐದು ಜನರ 'ಕೇಳಿದೆ' ಬಾಯಿಂದ ಕೇಳಿದ್ದು. ಒಬ್ಬನದು ಕಿವಿಯಿಂದ.

ಒಂದರ ಮೇಲೊಂದು ಬಂದು ಹೊಡೆಯತೊಡಗಿತು. ಅಂದು ಸಾಹೇಬರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು, "ನಿಜವಾಗಿ ಹೋಗಿ ಕೇಳಿದೆಯಾ?" ಎಂದಾಗ, "ಕೇಳಿದೀನಿ ಸಾರ್," ಎಂದಿದ್ದ. "ಯಾರನ್ನ?" "ನೀರನ್ನೇ ಸಾರ್." ಅದನ್ನು ಉದ್ಧಟತನ ಎಂದು ಬರೆದುಕೊಂಡರು. ನಾಲ್ಕುನೂರು ಕಡೆ 'ವಿಚಾರಿಸಿರುವುದಿಲ್ಲ' ಎಂದಿದ್ದಕ್ಕೆ ಕರ್ತವ್ಯಲೋಪದ ನೋಟೀಸು ಕೊಟ್ಟರು. ಆ ನಾಲ್ಕುನೂರು ಕಡೆ ಅವನು ನಿಂತು, ಕಿವಿ ಕೊಟ್ಟು, ಸದ್ದಿಲ್ಲ, ಕೊಳವೆ ಗಟ್ಟಿಯಿದೆ ಎಂದು ಬರೆದದ್ದು. ನೋಟೀಸನ್ನು ಟೈಪು ಮಾಡಿದವಳೂ ಇವಳೇ. ವರದಿಯ ತಲೆಯ ಮೇಲೆ 'ಸಾರ್ವಜನಿಕರ ಬಾಯಿಮಾತನ್ನು ಆಧರಿಸಿದ್ದು, ತಾಂತ್ರಿಕ ಬೆಲೆಯಿಲ್ಲ' ಎಂದು ಷರಾ ಬಿತ್ತು. ಅವನ ಕೋಲು ಕಿತ್ತುಕೊಳ್ಳಲಿಲ್ಲ, ಆದರೆ ಅವನನ್ನು ಪಂಪ್‌ಹೌಸಿಗೆ ಹಾಕಿದರು. ಆ ಗದ್ದಲದಲ್ಲಿ ಕೋಲಿಗೆ ಏನು ಕೆಲಸ? ನಿವೃತ್ತಿಯವರೆಗೆ ಅಲ್ಲೇ ಮೂಲೆಗುಂಪಾಗಿದ್ದ. ಆಗಲೂ ಹನ್ನೊಂದಕ್ಕೆ ಮೆಟ್ಟಿಲಿಗೆ ಬಂದು ಬಲಗಿವಿ ಕೊಟ್ಟು ಕೂರುತ್ತಿದ್ದ. ಅವಳು ಕಥೆ ಹೇಳುತ್ತಿದ್ದಳು. ಆ ವರದಿಗೆ ಏನಾಯಿತಣ್ಣ, ನೀನು ಬರೆದದ್ದು ಏನಿತ್ತು ಎಂದು ಒಂದು ದಿನವೂ ಅವಳು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿಗೆಯ ಮನೆಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಅತ್ತಿಗೆ ಸ್ಟವ್ ಸಣ್ಣ ಮಾಡಿ ಕೇಳಿಸಿಕೊಂಡಳು.

"ಆ ವರದಿ ಅವ್ರು ಓದಿದ್ರು," ಎಂದಳು. "ನೀನು ಕೊಟ್ಟ ಪ್ರತಿ ಮನೇಗೆ ತಂದಿದ್ರು. ತಂಗಿ ಎಷ್ಟು ಚೆನ್ನಾಗಿ ಬರೆದಿದಾಳೆ ನೋಡು ಅಂದ್ರು. ಇದೇನ್ರಿ 'ವಿಚಾರಿಸಲಾಗಿದೆ' ಅಂದ್ರೆ, ಅಂದೆ ನಾನು. ಆಫೀಸಲ್ಲಿ ಕಿವಿಯಿಂದ ಕೇಳೋದಕ್ಕೆ ಹಾಗಂತಾರೆ ಅನ್ಸುತ್ತೆ ಅಂದ್ರು."

ಟೈಪಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಅಳೋದಾದ್ರೆ ಆಮೇಲೆ ಅಳು. ಇವತ್ತು ಯಾವ ವಾರ?"

"ಗುರುವಾರ."

"ಶನಿವಾರಕ್ಕೆ ಎರಡೇ ದಿನ."

"ಅತ್ತಿಗೆ, ಅಲ್ಲಿ ಅಗೆಸಿದರೆ... ಆ ಸದ್ದು..."

"ಅದು ಜಾಯಿಂಟ್ ಬಿಟ್ಟಿರೋ ಸದ್ದು ಅಂತ ನನಗೆ ಗೊತ್ತಾಗಲ್ವೇನೇ? ಮೂವತ್ತು ವರ್ಷ ಅವ್ರ ಜೊತೆ ಬಾಳಿದೀನಿ," ಎಂದಳು ಅತ್ತಿಗೆ. ಸ್ಟವ್ ಕಡೆ ತಿರುಗಿಕೊಂಡು ಹೇಳಿದಳು. "ಗೊತ್ತಿದ್ದೂ ನಾಲ್ಕು ದಿನ ಗೊತ್ತಿಲ್ಲದ ಹಾಗೆ ಇದ್ದೆ. ಹೋಗು, ಅಗೆಸು."

ಕಚೇರಿಯಲ್ಲಿ ಕೆಲಸದ ಆದೇಶಕ್ಕೆ ಸಹಿ ಹಾಕಬೇಕಾದವಳು ಹೊಸ ಇಂಜಿನಿಯರಮ್ಮ. ಬಂದು ಒಂದು ವರ್ಷವಾಗಿತ್ತು. ಸೋರಿಕೆ ಹುಡುಕಲೆಂದೇ ತರಿಸಿದ ಯಂತ್ರದ ಬ್ಯಾಟರಿ ಊದಿಕೊಂಡು ಅದು ಅವಳ ಬೀರುವಿನಲ್ಲೇ ಮಲಗಿತ್ತು.

"ಅಕ್ಕಾ, ಸ್ಮಶಾನದ ರಸ್ತೆ ಅಗೀಬೇಕು ಅಂತೀರ. ಮೇಲೆ ಒಂದು ಹನಿ ನೀರು ಕಾಣ್ತಿಲ್ಲ. ಕಾರಣ ಅಂತ ಏನು ಬರೀಲಿ?"

"ಕೇಳಿದೆ ಅಂತ ಬರೀರಿ."

"ಯಾರನ್ನ ಕೇಳಿದ್ರಿ?"

ಟೈಪಕ್ಕ ಪುಸ್ತಕ, ವರದಿ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಬಿಡಿಸಿಟ್ಟು, ಒಂದು ಸಾಲಿನ ಮೇಲೆ ಎಡಗೈ ಬೆರಳು, ಇನ್ನೊಂದರ ಮೇಲೆ ಬಲಗೈ ಬೆರಳು ಇಟ್ಟಳು. ಇಂಜಿನಿಯರಮ್ಮ ಓದಿದಳು. ಇನ್ನೊಮ್ಮೆ ಓದಿದಳು.

"ಇಂಥವು ಎಷ್ಟಿವೆ?"

"ಆರುನೂರ ಹನ್ನೆರಡು."

"ಅಲ್ಲಿ ನೀರು ಸಿಗದಿದ್ರೆ ಸಾಹೇಬ್ರು ನಿಮ್ಮನ್ನೂ ನನ್ನನ್ನೂ ಪಂಪ್‌ಹೌಸಿಗೇ ಹಾಕ್ತಾರೆ."

"ನನ್ನನ್ನ ಹಾಕ್ಲಿ. ನಾನು ಹೋಗಬೇಕಾಗಿದ್ದ ಜಾಗವೇ ಅದು."

ಶುಕ್ರವಾರ ಹತ್ತು ಗಂಟೆಗೆ ಗೋಡೆಯ ಹೊರಗೆ ರಸ್ತೆ ಬದಿ ಅಗೆತ ಶುರುವಾಯಿತು. ಮೇಲಿನ ಟ್ಯಾಂಕಿಗೆ ಹೋಗುವ ದೊಡ್ಡ ಕೊಳವೆ ಅಲ್ಲೇ ಹಾದುಹೋಗುತ್ತದೆ. ಊರಿನ ನಲ್ಲಿ ಒಣಗಿದ್ದರೂ ಅದರೊಳಗೆ ಹಗಲೂ ರಾತ್ರಿ ನೀರು ಓಡುತ್ತಿರುತ್ತದೆ. ಮೂರಡಿ ಹೋದರೂ ಒಣಮಣ್ಣು. ಅಗೆಯುವ ಮೇಸ್ತ್ರಿ ಬೆವರು ಒರೆಸಿಕೊಂಡು, "ಯಾವ ಕಡೆ ಅಂತ ಕಿವಿಯಣ್ಣನ್ನೇ ಕೇಳ್ಬೇಕು," ಎಂದ. ಅಂದವನಿಗೆ ತಾನೇನು ಅಂದೆ ಎಂದು ಆಮೇಲೆ ಹೊಳೆದು, ಗೋಡೆಯ ಕಡೆ ನೋಡಿ ಗುದ್ದಲಿ ಕೆಳಗಿಟ್ಟ. ಟೈಪಕ್ಕ ಗುಂಡಿಗೆ ಇಳಿದಳು. ಕೋಲು ಊರಿ, ಹೊಂದದ ಬಟ್ಟಲಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿದಳು. ಅವಳ ಕಿವಿ ಕಿವಿಯಣ್ಣನ ಕಿವಿಯಲ್ಲ. ಆದರೂ ಒಂದು ಮೊಳ ಎಡಕ್ಕೆ ಸರಿದಾಗ ಉಸಿರು ಹತ್ತಿರ ಬಂತು.

"ಇಲ್ಲಿ."

ಐದಡಿಗೆ ಗುದ್ದಲಿ ಪಚಕ್ಕೆಂದಿತು. ಕೊಳವೆಯ ಎರಡು ತುಂಡು ಕೂಡುವ ಕಡೆ ಒಂದು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಕೆಳಗೆ ಮರಳು. ನೀರು ಮೇಲೆ ಏಳದೆ ಗೋಡೆಯಡಿ ನುಗ್ಗಿ ಒಳಗಿನ ಮಣ್ಣಿಗೆ ಇಳಿಯುತ್ತಿತ್ತು. ಕನಿಷ್ಠ ಆರು ವರ್ಷ. ಅವನು ಮೂರು ಸಲ ಬಂದು ಕೇಳಿ, ಬರೆದಿಟ್ಟು ಹೋದ ನೀರು ಕೊನೆಗೆ ಅವನ ಬೆನ್ನಿನ ಕೆಳಗೇ ಬಂದು ನಿಂತಿತ್ತು.

ದೊಡ್ಡ ಸಾಹೇಬರು ಮಧ್ಯಾಹ್ನ ಬಂದರು. ಗುಂಡಿಯ ಅಂಚಿನಲ್ಲಿ ನಿಂತು ನೀರನ್ನು ನೋಡಿದರು, ಇಂಜಿನಿಯರಮ್ಮ ಕೊಟ್ಟ ಪೆನ್ಸಿಲಿನ ಸಾಲನ್ನು ಓದಿದರು. ಅವರೇನೂ ಕೆಟ್ಟ ಮನುಷ್ಯರಲ್ಲ. ಕಾಗದದಲ್ಲಿ ಏನಿದೆಯೋ ಅದನ್ನು ನಂಬುವವರು.

"ವಿಚಾರಿಸಲಾಗಿದೆ ಅಂತಿತ್ತಲ್ಲ?"

"ಅದು ನಾನು ಬರೆದದ್ದು ಸಾರ್," ಎಂದಳು ಟೈಪಕ್ಕ. "ಅವರು ಬರೆದದ್ದು ಇದು."

ಸಾಹೇಬರು ಪುಸ್ತಕವನ್ನು ಇಂಜಿನಿಯರಮ್ಮನ ಕೈಗೆ ವಾಪಸು ಕೊಟ್ಟರು. ಕೊಳವೆಯನ್ನು ಇವತ್ತು ಮುಚ್ಚಬೇಡಿ, ನಾಳೆ ಸಭೆಗೆ ಬರುವವರು ನೋಡಲಿ ಎಂದು ಹೇಳಿ ಹೋದರು.

ಶನಿವಾರದ ಸಭೆಯಲ್ಲಿ ಆಕ್ಷೇಪಣೆ ಸಲ್ಲಿಸಿದವಳು ಅತ್ತಿಗೆ. ಟೈಪಕ್ಕ ರಾತ್ರಿ ಮನೆಯಲ್ಲಿ ಕೂತು ಆರುನೂರ ಹನ್ನೆರಡು ಸಾಲನ್ನೂ ಮತ್ತೆ ಟೈಪು ಮಾಡಿದ್ದಳು. 'ಆಲಿಸಲಾಗಿದೆ' ಎನ್ನಲೋ, 'ಶ್ರವಣದಿಂದ ತಿಳಿದುಬಂದಿದೆ' ಎನ್ನಲೋ ಎಂದು ಮೊದಲ ಸಾಲಿನಲ್ಲೇ ಬೆರಳು ನಿಂತಿತ್ತು. ಕೊನೆಗೆ ಅವನ ಅಕ್ಷರವನ್ನು ಇದ್ದಂತೆಯೇ ಇಳಿಸಿದಳು. ಕೇಳಿದೆ. ಕೇಳಿದೆ. ಕೇಳಿದೆ. ಆ ಮನೆಯಲ್ಲಿ ಬೇರೆ ಯಾರೋ ಕೂತು ಹೇಳಿ ಬರೆಸುತ್ತಿದ್ದಾರೆ ಅನ್ನಿಸಿ, ಎರಡು ಸಲ ತಿರುಗಿ ನೋಡಿದಳು.

ಎರಡನೇ ಕೊಳವೆಗೆ ಒಂದು ವರ್ಷದ ತಡೆ ಬಿತ್ತು. ರದ್ದಾಗಲಿಲ್ಲ, ತಡೆ ಅಷ್ಟೆ. ಆ ವರ್ಷದಲ್ಲಿ ಎಷ್ಟು ಸೋರಿಕೆ ಮುಚ್ಚುತ್ತೀರೋ ನೋಡೋಣ ಎಂದರು. ಒಬ್ಬನ ಕಿವಿಯನ್ನು ನೆಚ್ಚಿಕೊಂಡು ಕೂತರೆ ಅವನ ಜೊತೆಗೇ ಎಲ್ಲ ಮಣ್ಣಾಗುತ್ತದೆ ಎಂದು ಇಂಜಿನಿಯರಮ್ಮ ವಾಲ್ವ್ ತಿರುಗಿಸುವವರಲ್ಲೇ ಎಂಟು ಜನರನ್ನು ಆರಿಸಿಕೊಂಡಳು. ಬಡಗಿ ಎಂಟು ಬಟ್ಟಲು ಕಡೆದ, ಅವರವರ ಕಿವಿಗೆ ಅಳತೆ ತೆಗೆದು. ಕೇಳಿಸಿತೋ ಇಲ್ಲವೋ, ಎಂಥ ಸದ್ದು, ಎಷ್ಟು ಹೊತ್ತು ಎಂದು ಬರೆಯಲು ಟೈಪಕ್ಕ ಹೊಸ ನಮೂನೆ ಮಾಡಿಕೊಟ್ಟಳು. ಅದನ್ನು ಅವರು ತುಂಬಿ ತಂದ ಮೇಲೆ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳುತ್ತಾಳೆ. ನೀವು ಹೇಳಿದ್ದು ಇದೇ ತಾನೆ ಎಂದು ಕೇಳದೆ ಒಂದು ಸಾಲನ್ನೂ ಟೈಪು ಮಾಡುವುದಿಲ್ಲ. ಮಳೆಗಾಲದ ಹೊತ್ತಿಗೆ ನೂರ ನಲವತ್ತು ಕಡೆ ಮುಚ್ಚಿದ್ದರು. ನಲ್ಲಿಗೆ ನೀರು ಈಗ ದಿನ ಬಿಟ್ಟು ದಿನ. ಮೇಲಿನ ಕೆರೆ ಏರಿಲ್ಲ. ಇಳಿದೂ ಇಲ್ಲ ಎಂದು ಅತ್ತಿಗೆಯ ತಮ್ಮ ಫೋನು ಮಾಡುತ್ತಿರುತ್ತಾನೆ.

ಇದೆಲ್ಲ ಆಮೇಲಿನ ಮಾತು. ಸ್ಮಶಾನದ ಗೋಡೆ ಬುಡದ ಜಾಯಿಂಟನ್ನು ಮುಚ್ಚಿದ್ದು ಸಭೆಯ ಮರುದಿನ, ಭಾನುವಾರ. ಕೊಳವೆಯ ಸುತ್ತ ಹೊಸ ಕಾಲರ್ ಪಟ್ಟಿ ಬಿಗಿದು, ಗುಂಡಿ ತುಂಬಿಸಿ, ಮೇಸ್ತ್ರಿ ಸಾಮಾನು ಕಟ್ಟಿಕೊಂಡು ಹೋದ ಮೇಲೆ ಇಬ್ಬರು ಹೆಂಗಸರು ಮಾತ್ರ ಉಳಿದರು. ಗೋಡೆಯೊಳಗೆ ಹೋಗಿ ಹಸಿರು ಹುಲ್ಲಿನ ಪಕ್ಕ ನಿಂತರು. ಟೈಪಕ್ಕ ಕೋಲನ್ನು ಅತ್ತಿಗೆಯ ಕೈಗೆ ಕೊಡಹೋದಳು. ಅತ್ತಿಗೆ ಬೇಡವೆಂದು ತಲೆಯಾಡಿಸಿದಳು.

"ನೀನೇ ನೋಡು."

ಸರಳು ಮಣ್ಣಿಗೆ ಇಳಿಯಿತು. ಅವಳು ಕಿವಿ ಹಚ್ಚಿದಳು. ದೂರದಲ್ಲೆಲ್ಲೋ ಒಂದು ಲಾರಿ ಹೋದ ಕಂಪನ ಬಂತು, ಹೋಯಿತು. ತನ್ನದೇ ರಕ್ತ ಕಿವಿಯೊಳಗೆ ಹರಿಯುವ ಸದ್ದು. ಅದರ ಹಿಂದೆ, ಮೊನ್ನೆಯವರೆಗೆ ಇದ್ದ ಕಡೆ, ಏನೂ ಇರಲಿಲ್ಲ. ಸ್ವಲ್ಪ ಎಡಕ್ಕೆ ಸರಿದು ನೋಡಿದಳು. ಬಲಕ್ಕೆ ನೋಡಿದಳು. ಮತ್ತೆ ಮೊದಲಿನ ಜಾಗಕ್ಕೇ ಬಂದಳು.

"ಕೇಳ್ತಿದೆಯೇನೇ?" ಎಂದಳು ಅತ್ತಿಗೆ.

"ಇಲ್ಲ ಅತ್ತಿಗೆ."

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಚೀಲದಿಂದ ಮೂರನೇ ಪುಸ್ತಕ ತೆಗೆದು, ಅದೇ ಪುಟ ಬಿಡಿಸಿ, ಪೆನ್ಸಿಲ್ ಜೊತೆ ಮುಂದೆ ಹಿಡಿದಳು. "ಬರಿ ಹಾಗಾದ್ರೆ. ಮುಚ್ಚಿದ ಮೇಲೆ ಇನ್ನೊಂದು ಸಲ ನೋಡಿ ಬರೀಬೇಕು ಅಂತಿದ್ರು."

ಟೈಪಕ್ಕ ಮಂಡಿಯೂರಿ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. 'ಮೂರು ಸಲ ಕೇಳಿದೆ. ಸಣ್ಣಗೆ, ಬಿಡದೆ' ಎಂಬ ಸಾಲಿನ ಕೆಳಗೆ ಒಂದು ಬೆರಳಿನಷ್ಟು ಜಾಗ ಖಾಲಿಯಿತ್ತು. ತಾರೀಕು ಹಾಕಿದಳು. ಆಮೇಲೆ, ಅವನು ಬರೆಯುತ್ತಿದ್ದ ಹಾಗೆಯೇ, ಒಂದೇ ಪದ ಬರೆದಳು.

ಕೇಳಲಿಲ್ಲ.